ಸುಂಕ ಕಟ್ತೀನಿ ಅಂದ್ರೂ ಬಿಡಲ್ಲ

(ಸುಂಕ, ತೆರಿಗೆ ಕುರಿತ ಓದುಗರ ಪ್ರಶ್ನೆಗಳಿಗೆ ಕಸ್ಟಮ್ಸ್ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರ ಉತ್ತರ)

ಪ್ರಶ್ನೆ: ನನ್ನ ಮಗ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಸಿಗರೇಟ್ ಬಿಟ್ಟು ಈಗ ವೇಪ್ ಸೇದುತ್ತಾನೆ. ದೀಪಾವಳಿಗೆ ಬರುವಾಗ ಅದನ್ನು ತರಬಹುದಾ ಸರ್? ಸುಂಕ ಎಷ್ಟಾಗುತ್ತದೆ?
– ತಾಯಿಯೊಬ್ಬರು, ದಾವಣಗೆರೆ

ಉತ್ತರ: ಬೇಡಮ್ಮ, ಅಲ್ಲೇ ಬಿಟ್ಟು ಬರಲಿ. ಸುಂಕ ಇರುವುದು ತರಬಹುದಾದ ವಸ್ತುವಿಗೆ. ವೇಪ್ ಅಂದರೆ ಇ-ಸಿಗರೇಟ್, ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಬಿಸಿ ಮಾಡಿ ಆವಿ ಸೇದುವ ಸಾಧನ. ಅದನ್ನು ನಮ್ಮಲ್ಲಿ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ ನಿಷೇಧಿಸಿದರು. ಡಿಸೆಂಬರ್‌ನಲ್ಲಿ ಅದೇ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಯಾವುದೂ ಕೂಡದು. ‘ನನ್ನ ಬಳಕೆಗೆ ಒಂದೇ ಒಂದು’ ಎನ್ನುವುದಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತಮಾಷೆ ಏನು ಗೊತ್ತಾ? ಅದೇ ಹುಡುಗ 100 ಸಿಗರೇಟ್ ತಂದರೆ ಸುಂಕವಿಲ್ಲದೆ ಆರಾಮಾಗಿ ಹೊರಗೆ ಬರಬಹುದು. ‘ಇದು ಸರಿ, ಅದು ತಪ್ಪು, ಯಾಕೆ ಸರ್?’ ಎಂದು ಬ್ಯಾಗೇಜ್ ಕೌಂಟರ್‌ನಲ್ಲಿ ಯಾರಾದರೂ ಕೇಳಿದರೆ, ರೂಲ್ ಹಾಗಿದೆ ಅಂತ ಹೇಳಿ ಮುಂದೆ ಕಳಿಸುತ್ತಿದ್ದೆವು.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಮಾರಲು ಬಿಟ್ಟು ಬಿಗಿ ಮಾಡುತ್ತಾರೆ. ದ್ರವದಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟಬಾರದು. ಸೇದಿ ಎಸೆಯುವ ವೇಪ್ ಮಾರಾಟ 2025ರ ಜೂನ್ 1ರಿಂದ ಬಂದ್. 2026ರ ಅಕ್ಟೋಬರ್ 1ರಿಂದ 10 ಮಿಲಿಲೀಟರ್ ದ್ರವಕ್ಕೆ 2.20 ಪೌಂಡ್ ಸುಂಕ, ಅದರ ಮೇಲೆ ಶೇ 20 ವ್ಯಾಟ್.

ಊರಲ್ಲಿದ್ದಷ್ಟು ದಿನ ಮಗನಿಗೆ ಚಡಪಡಿಕೆ ಆದರೆ ಮೆಡಿಕಲ್ ಶಾಪ್‌ನಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. ಅದು ಈ ನಿಷೇಧಕ್ಕೆ ಬರುವುದಿಲ್ಲ. ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356, ಕರೆ ಉಚಿತ.

ಪ್ರಶ್ನೆ: ನನ್ನದು ಕಾಲೇಜಿನ ಹತ್ತಿರ ಚಿಕ್ಕ ಅಂಗಡಿ. ಒಬ್ಬ ಹುಡುಗ ವೇಪ್ ಡಬ್ಬಿ ಇಟ್ಟು ಹೋಗ್ತೀನಿ, ಮಾರಿದ ಮೇಲೆ ದುಡ್ಡು ಕೊಡಿ ಅಂತಾನೆ. ಜಿಎಸ್‌ಟಿ ಬಿಲ್ ಕೂಡ ಕೊಡ್ತಾನಂತೆ. ತೊಂದರೆ ಇಲ್ಲ ಅಲ್ವಾ?
– ಅಂಗಡಿ ಮಾಲೀಕರು, ಹಾಸನ

ಉತ್ತರ: ಆ ಬಿಲ್‌ನಲ್ಲಿ ಏನಂತ ಬರೆಯುತ್ತಾನೆ ಸ್ವಾಮಿ? ‘ವೇಪ್’ ಅಂತ ಬರೆದರೆ ನಿಮ್ಮ ವಿರುದ್ಧ ನೀವೇ ಸಾಕ್ಷಿ ಇಟ್ಟುಕೊಂಡಂತೆ. ‘ಮೊಬೈಲ್ ಚಾರ್ಜರ್’ ಅಂತ ಬರೆದರೆ ಸುಳ್ಳು ಬಿಲ್ಲಿನ ಕೇಸು ಬೇರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ನಿಷೇಧಿತ ಮಾಲು ಸಕ್ರಮ ಆಗಲ್ಲ. ಮಾರುವುದಿರಲಿ, ಸುಮ್ನೆ ದಾಸ್ತಾನು ಇಟ್ಟುಕೊಂಡರೇ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ. ಸಬ್‌ ಇನ್‌ಸ್ಪೆಕ್ಟರ್ ಬಂದು ತಪಾಸಣೆ ಮಾಡಿ ಜಪ್ತಿ ಮಾಡಬಹುದು. ಆ ಹುಡುಗ ಆಗ ಫೋನ್ ಎತ್ತುತ್ತಾನಾ?

ಡಬ್ಬಿಯನ್ನೇ ಒಮ್ಮೆ ತಿರುಗಿಸಿ ನೋಡಿ. ಮೇಲೆ ಮಾವಿನ ಹಣ್ಣಿನ ಚಿತ್ರ, ತೆರೆದರೆ ಪೆಪ್ಪರಮಿಂಟಿನ ಘಮ. ಮೂಲೆಯಲ್ಲಿ ಚಿಕ್ಕದಾಗಿ ‘5%’. ಅಂದರೆ ಮಿಲಿಲೀಟರಿಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್, ಬ್ರಿಟನ್ನಿನ ಮಿತಿಯ ಎರಡೂವರೆ ಪಟ್ಟು. ಅದೂ ಡಬ್ಬಿ ಮೇಲೆ ಬರೆದದ್ದು. ಒಳಗೆ ನಿಜಕ್ಕೂ ಎಷ್ಟಿದೆ ಎಂದು ನೋಡಿದವರಾರು?

ಪ್ರಶ್ನೆ: ನಿಷೇಧಿಸುವ ಬದಲು ತೆರಿಗೆ ಹಾಕಬಹುದಿತ್ತಲ್ಲ?
– ಓದುಗರು, ಮೈಸೂರು

ಉತ್ತರ: ನಿಷೇಧ ಪ್ರಕಟಿಸಿದ್ದೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಇದನ್ನು ಪರಿಶೀಲಿಸಿದ ಸಚಿವರ ಗುಂಪಿಗೆ ಅವರೇ ಮುಖ್ಯಸ್ಥರು. ನಮ್ಮ ರಾಜ್ಯವಂತೂ 2016ರಲ್ಲೇ ಮಾರಾಟ ನಿಲ್ಲಿಸಿತ್ತು. ಮಕ್ಕಳ ಕೈಗೆ ಸಿಗಬಾರದು ಎಂಬ ಕಾರಣವನ್ನು ಒಪ್ಪುತ್ತೇನೆ. ಆದರೆ ಸಿಗರೇಟಿಗೆ ಶೇ 40 ಜಿಎಸ್‌ಟಿ, ಮೇಲೆ ಅಬಕಾರಿ ಸುಂಕ ಹಾಕಿ ಮಾರಲು ಬಿಟ್ಟಿದ್ದಾರೆ. ಬೀಡಿಗೆ ಶೇ 18 ಅಷ್ಟೇ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಹರಾಜೂ ನಡೆಯುತ್ತಲೇ ಇದೆ. ಬರೀ ಆರೋಗ್ಯದ ಕಾಳಜಿ ಎಂದರೆ ನಾನು ಪೂರ್ತಿ ನಂಬಲ್ಲ. ಈಗ ಕದ್ದು ಮಾರುವ ವೇಪ್‌ಗೆ ಸುಂಕವೂ ಇಲ್ಲ, ಪರೀಕ್ಷೆಯೂ ಇಲ್ಲ, ಲಾಭವೆಲ್ಲ ಕದ್ದು ತರುವವನಿಗೆ. ನಿಷೇಧ ಇರಲಿ, ಆದರೆ ಕಾಲೇಜು ಗೇಟಿನಲ್ಲಿ ಅದನ್ನು ಜಾರಿ ಮಾಡುವವರೂ ಇರಲಿ.