ಫೇಲ್‌ಸೇಫ್ ತೆರೆಯುತ್ತದೆ, ಡೆಸ್ಕ್‌ಟಾಪ್ ಮಾತ್ರ ಬರುವುದಿಲ್ಲ

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಲಿನಕ್ಸ್, ಎಕ್ಸ್‌ಡಿಎಂ ಲಾಗಿನ್ ಪರದೆ ಮತ್ತು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇವೆ. ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಇನ್‌ಪುಟ್ ತಂತ್ರಾಂಶ ಅಳವಡಿಸಲು ಹೋಮ್ ಫೋಲ್ಡರಿನಲ್ಲಿ, ಹೆಸರಿನ ಮುಂದೆ ಚುಕ್ಕಿಯಿರುವ ‘.ಎಕ್ಸ್‌ಸೆಷನ್’ ಕಡತವನ್ನು ಬರೆದೆ. ಅದರಲ್ಲಿ ಕ್ರಮವಾಗಿ ಬ್ಯಾಷ್ ಶೆಲ್‌ನ (ಆಜ್ಞೆಗಳನ್ನು ಓದಿ ಓಡಿಸುವ ತಂತ್ರಾಂಶ) ಸೆಟ್ಟಿಂಗ್ ಕಡತ ‘.ಬ್ಯಾಷ್‌ಆರ್‌ಸಿ’ಯನ್ನು ಸೋರ್ಸ್ ಮಾಡುವ (ಓದಿಕೊಳ್ಳುವ) ಸಾಲು, ಹಿನ್ನೆಲೆಯಲ್ಲಿ ಓಡುವ ಐಬಸ್ ಡೀಮನ್, ಮೂರು ಆ್ಯಪ್‌ಗಳ ಅರೇ (ಹೆಸರುಗಳ ಪಟ್ಟಿ), ಅವನ್ನು ಒಂದೊಂದಾಗಿ ಆರಂಭಿಸುವ ಲೂಪ್, ಕೊನೆಗೆ ಆಂಪರ್‌ಸ್ಯಾಂಡ್ (‘&’, ಆಜ್ಞೆಯನ್ನು ಹಿನ್ನೆಲೆಗೆ ಕಳಿಸುವ ಚಿಹ್ನೆ) ಸೇರಿಸಿದ, ಡೆಸ್ಕ್‌ಟಾಪ್ ಆರಂಭಿಸುವ ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4 ಇವೆ. ಈಗ ಪಾಸ್‌ವರ್ಡ್ ಕೊಟ್ಟ ಕೂಡಲೇ ಲಾಗಿನ್ ಪರದೆ ಮರಳಿ ಬರುತ್ತದೆ. ಎಂಟರ್ ಬದಲು ಎಫ್1 ಒತ್ತಿ ಫೇಲ್‌ಸೇಫ್ ಎಂಬ ತುರ್ತು ಸೆಷನ್‌ಗೆ ಹೋದರೆ ಬರಿಯ ಟರ್ಮಿನಲ್ ಬರುತ್ತದೆ, ಅದರಲ್ಲೂ ಕೆಲವೊಮ್ಮೆ ಅಕ್ಷರ ಮೂಡುವುದಿಲ್ಲ. ವಿಚಿತ್ರವೆಂದರೆ, ಅಲ್ಲಿ ಬ್ಯಾಷ್ ಮೂಲಕ ಅದೇ ಕಡತವನ್ನು ಓಡಿಸಿದರೆ ಡೆಸ್ಕ್‌ಟಾಪ್ ಬರುತ್ತದೆ. ಡೆಬಿಯನ್ ಅನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಬೇಕಾಗಿಲ್ಲ. ಫೇಲ್‌ಸೇಫ್ ಟರ್ಮಿನಲ್ ತೆರೆಯಿತೆಂದರೆ ನಿಮ್ಮ ಪಾಸ್‌ವರ್ಡ್, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ಸರ್ವರ್ ಮತ್ತು ಪರದೆಯ ಚಾಲಕ ತಂತ್ರಾಂಶ ಎಲ್ಲವೂ ಸರಿಯಾಗಿವೆ ಎಂದರ್ಥ. ದೋಷವಿರುವುದು ನೀವು ಬರೆದ ಕಡತದಲ್ಲಿ. ಅದೂ ಒಂದಲ್ಲ, ಎರಡು ದೋಷಗಳು ಒಂದರ ಹಿಂದೆ ಒಂದು ಅಡಗಿ ಕೂತಿವೆ.

ಮೊದಲು ಟರ್ಮಿನಲ್‌ನ ವಿಷಯ. ಫೇಲ್‌ಸೇಫ್‌ನಲ್ಲಿ ಕಿಟಕಿಗಳನ್ನು ನಿಭಾಯಿಸುವ ವಿಂಡೋ ಮ್ಯಾನೇಜರ್ ಇರುವುದಿಲ್ಲವಾದ್ದರಿಂದ ಮೌಸ್ ಬಾಣ ಎಲ್ಲಿದೆಯೋ ಅಲ್ಲಿಗೇ ಕೀಲಿಮಣೆಯ ಅಕ್ಷರಗಳು ಹೋಗುತ್ತವೆ. ಬಾಣವನ್ನು ಟರ್ಮಿನಲ್ ಕಿಟಕಿಯೊಳಗೆ ಇಟ್ಟುಕೊಂಡೇ ಟೈಪ್ ಮಾಡಿ. ಕೆಲಸ ಮುಗಿಯುವ ತನಕ ಆ ಟರ್ಮಿನಲ್ ಅನ್ನು ಮುಚ್ಚಬೇಡಿ, ಏಕೆಂದರೆ ಅದು ಮುಚ್ಚಿದರೆ ಸೆಷನ್ನೇ ಮುಗಿಯುತ್ತದೆ.

ಡೆಬಿಯನ್‌ನಲ್ಲಿ ಲಾಗಿನ್ ಆದ ಮೇಲೆ ವ್ಯವಸ್ಥೆಯ ಎಕ್ಸ್‌ಸೆಷನ್ ಸ್ಕ್ರಿಪ್ಟ್ ಓಡುತ್ತದೆ. ಅದು ಎಕ್ಸ್‌ಸೆಷನ್.ಡಿ ಫೋಲ್ಡರಿನ ತುಣುಕು ಕಡತಗಳನ್ನು ಹೆಸರಿನ ಮುಂದಿನ ಸಂಖ್ಯೆಯ ಕ್ರಮದಲ್ಲಿ ಒಂದೊಂದಾಗಿ ಓದಿಕೊಳ್ಳುತ್ತದೆ. ಫೇಲ್‌ಸೇಫ್ ಕೋರಿಕೆಯನ್ನು 20ನೇ ಸಂಖ್ಯೆಯ ತುಣುಕೇ ಗಮನಿಸಿ, ಅಲ್ಲಿಂದಲೇ ಟರ್ಮಿನಲ್‌ಗೆ ಹೊರಟುಬಿಡುತ್ತದೆ. ನಿಮ್ಮ ‘.ಎಕ್ಸ್‌ಸೆಷನ್‌ಆರ್‌ಸಿ’ ಇದ್ದರೆ ಅದನ್ನು ಓದುವುದು 40ರಲ್ಲಿ, ‘.ಎಕ್ಸ್‌ಸೆಷನ್’ ಇದೆಯೇ ಎಂದು ನೋಡುವುದು 50ರಲ್ಲಿ. ಆದ್ದರಿಂದ ಈ ಎರಡು ಕಡತಗಳು ಎಷ್ಟೇ ಕೆಟ್ಟಿದ್ದರೂ ಫೇಲ್‌ಸೇಫ್ ತೆರೆಯುತ್ತದೆ. ಆದರೆ ಅಲ್ಲಿರುವ ಎನ್ವಿರಾನ್‌ಮೆಂಟ್ (ಪ್ರೋಗ್ರಾಂಗಳಿಗೆ ಸಿಗುವ ಸೆಟ್ಟಿಂಗ್‌ಗಳು) ನಿಜವಾದ ಲಾಗಿನ್‌ನದ್ದಲ್ಲ ಎಂಬುದು ನೆನಪಿರಲಿ.

ಇನ್ನು ಮೊದಲ ದೋಷ. 50ನೇ ತುಣುಕು ನಿಮ್ಮ ಕಡತಕ್ಕೆ ಎಕ್ಸಿಕ್ಯೂಟ್ ಅನುಮತಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಅದನ್ನು ‘ಎಸ್‌ಎಚ್’ ಶೆಲ್‌ಗೆ ಒಪ್ಪಿಸುತ್ತದೆ. 2011ರಲ್ಲಿ ಬಂದ ಡೆಬಿಯನ್ 6ರಿಂದ ಈಚೆಗೆ ಈ ಎಸ್‌ಎಚ್ ಎಂದರೆ ಬ್ಯಾಷ್ ಅಲ್ಲ, ಡ್ಯಾಷ್ ಎಂಬ ಇನ್ನೊಂದು ಸರಳ ಶೆಲ್. ಡ್ಯಾಷ್‌ಗೆ ‘ಸೋರ್ಸ್’ ಎಂಬ ಆಜ್ಞೆ ತಿಳಿಯದು, ಆದರೂ ಅದು ‘ನಾಟ್ ಫೌಂಡ್’ ಎಂದು ಗೊಣಗಿ ಮುಂದಿನ ಸಾಲಿಗೆ ಹೋಗುತ್ತದೆ. ಐಬಸ್ ಕೂಡ ಆರಂಭವಾಗುತ್ತದೆ. ಅರೇ ಬಂದಾಗ ಮಾತ್ರ ತೆರೆಯುವ ಆವರಣ ಚಿಹ್ನೆಯನ್ನು ಕಂಡು ಸಿಂಟ್ಯಾಕ್ಸ್ ಎರರ್ ಕೊಟ್ಟು ಶೆಲ್ ನಿಂತುಹೋಗುತ್ತದೆ, ಅದರೊಡನೆ ಸೆಷನ್ ಮುಗಿದು ಲಾಗಿನ್ ಪರದೆ ಮರಳುತ್ತದೆ. ಹೋಮ್ ಫೋಲ್ಡರಿನ ‘.ಎಕ್ಸ್‌ಸೆಷನ್-ಎರರ್ಸ್’ ಕಡತದ ಕೊನೆಯಲ್ಲಿ ಈ ಸಾಲುಗಳೆಲ್ಲ ಸಿಗುತ್ತವೆ. ಹೊಸ ಸಂದೇಶಗಳು ಹಳೆಯವುಗಳ ಕೆಳಗೆ ಸೇರುತ್ತಾ ಹೋಗುವುದರಿಂದ, ಪ್ರತಿ ಲಾಗಿನ್‌ನ ಆರಂಭದಲ್ಲಿ ಮುದ್ರಿತವಾಗುವ ದಿನಾಂಕ ಮತ್ತು ಸಮಯದ ಸಾಲನ್ನು ನೋಡಿ ಓದಿ.

ಬ್ಯಾಷ್ ಮೂಲಕ ಓಡಿಸಿದ್ದರಿಂದ ಈ ದೋಷ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅದರ ಬದಲು ಎಸ್‌ಎಚ್ ಆಜ್ಞೆಗೆ ‘-ಎನ್’ ಆಯ್ಕೆ ಕೊಟ್ಟು ಕಡತದ ಹೆಸರು ಬರೆಯಿರಿ. ಆಗ ಶೆಲ್ ಏನನ್ನೂ ಓಡಿಸದೆ ವ್ಯಾಕರಣವನ್ನಷ್ಟೇ ಪರೀಕ್ಷಿಸುತ್ತದೆ. ‘ಸೋರ್ಸ್’ನಂತಹ ಅಪರಿಚಿತ ಆಜ್ಞೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ; ಅದಕ್ಕೆ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನಲ್ಲಿರುವ ‘ಚೆಕ್‌ಬ್ಯಾಷಿಸಮ್ಸ್’ ಉಪಕರಣ ಬೇಕು. ಕಡತದ ಮೊದಲ ಸಾಲಿನಲ್ಲಿ ಬ್ಯಾಷ್‌ನ ಹೆಸರು ಹೇಳಿ ಎಕ್ಸಿಕ್ಯೂಟ್ ಅನುಮತಿ ಕೊಟ್ಟರೂ ಕೆಲಸ ನಡೆಯುತ್ತದೆ, ಆದರೆ ಮೂರು ಆ್ಯಪ್‌ಗಳಿಗೆ ಅರೇ ಏಕೆ? ಮೂರು ಸಾಲು ಬರೆದು ಪ್ರತಿಯೊಂದರ ಕೊನೆಗೆ ಆಂಪರ್‌ಸ್ಯಾಂಡ್ ಹಾಕಿದರೆ ಸಾಕು. ಅಂದಹಾಗೆ, ‘.ಎಕ್ಸ್‌ಸೆಷನ್‌ಆರ್‌ಸಿ’ಯಲ್ಲಿ ಬ್ಯಾಷ್‌ನ ಹೆಸರು ಬರೆದು ಪ್ರಯೋಜನವಿಲ್ಲ. ಅದನ್ನು ಪ್ರತ್ಯೇಕವಾಗಿ ಓಡಿಸುವುದಿಲ್ಲ, ವ್ಯವಸ್ಥೆಯ ಸ್ಕ್ರಿಪ್ಟ್ ತನ್ನೊಳಗೇ ಓದಿಕೊಳ್ಳುತ್ತದೆ.

ಎರಡನೆಯ ದೋಷ ಇನ್ನೂ ಜಾಣತನದ್ದು. ಅರೇ ತಿದ್ದಿದ ಮೇಲೂ ನಿಮಗೆ ಲಾಗಿನ್ ಪರದೆಯೇ ಕಾಣಿಸುತ್ತದೆ. ‘.ಎಕ್ಸ್‌ಸೆಷನ್’ ಎಷ್ಟು ಹೊತ್ತು ಓಡುತ್ತದೆಯೋ ಅಷ್ಟು ಹೊತ್ತು ಮಾತ್ರ ಸೆಷನ್ ಇರುತ್ತದೆ. ಕೊನೆಯ ಸಾಲಿನಲ್ಲಿ ಆಂಪರ್‌ಸ್ಯಾಂಡ್ ಇರುವುದರಿಂದ ಸ್ಕ್ರಿಪ್ಟ್ ಡೆಸ್ಕ್‌ಟಾಪನ್ನು ಹಿನ್ನೆಲೆಗೆ ತಳ್ಳಿ, ಕಾಯದೆ, ತಾನು ಮುಗಿದುಹೋಗುತ್ತದೆ. ಫೇಲ್‌ಸೇಫ್‌ನಲ್ಲಿ ಪರೀಕ್ಷಿಸಿದಾಗ ಸೆಷನ್ ಅನ್ನು ಹಿಡಿದಿಟ್ಟಿದ್ದು ಟರ್ಮಿನಲ್, ನಿಮ್ಮ ಸ್ಕ್ರಿಪ್ಟ್ ಅಲ್ಲ. ಡೆಸ್ಕ್‌ಟಾಪ್ ಬಂದದ್ದು ಅದರಿಂದಲೇ. ಇಂಥ ದೋಷ ಫೇಲ್‌ಸೇಫ್‌ನೊಳಗೆ ಎಂದೂ ಗೋಚರಿಸದು, ಕಡತವನ್ನು ಓದಿಯೇ ಹಿಡಿಯಬೇಕು. ಕೊನೆಯ ಸಾಲನ್ನು ‘ಎಕ್ಸೆಕ್ ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4’ ಎಂದು ಆಂಪರ್‌ಸ್ಯಾಂಡ್ ಇಲ್ಲದೆ ಬರೆಯಿರಿ. ಅದಕ್ಕಿಂತ ಮೇಲಿರುವ ಆ್ಯಪ್‌ಗಳಿಗೆ ಮಾತ್ರ ಆಂಪರ್‌ಸ್ಯಾಂಡ್ ಇರಲೇಬೇಕು, ಇಲ್ಲದಿದ್ದರೆ ಮೊದಲ ಆ್ಯಪ್ ಮುಚ್ಚುವ ತನಕ ಡೆಸ್ಕ್‌ಟಾಪ್ ಬರುವುದಿಲ್ಲ.

ವೆಬ್ ಪುಟದಿಂದ ಸಾಲುಗಳನ್ನು ನಕಲು ಮಾಡಿದ್ದರೆ ಉದ್ಧರಣ ಚಿಹ್ನೆಗಳನ್ನೂ ನೋಡಿ. ಬಾಗಿದ ಉದ್ಧರಣ ಚಿಹ್ನೆ ಶೆಲ್‌ಗೆ ಬರಿಯ ಅಕ್ಷರ. ಇನ್‌ಪುಟ್ ವಿಧಾನದ ಹೆಸರಿಗೆ ಅದು ಅಂಟಿಕೊಂಡರೆ ಯಾವ ಎರರ್ ಕೂಡ ಬಾರದೆ ಕನ್ನಡ ಟೈಪಿಂಗ್ ಕೈಕೊಡುತ್ತದೆ.

ನಿಜಕ್ಕೂ ಐಬಸ್‌ಗಾಗಿ ಈ ಕಡತವೇ ಬೇಕಾಗಿರಲಿಲ್ಲ. ಡೆಬಿಯನ್‌ನ ‘ಐಎಂ-ಕಾನ್ಫಿಗ್’ ಉಪಕರಣದಲ್ಲಿ ಐಬಸ್ ಅನ್ನು ಆರಿಸಿದರೆ, ಎಕ್ಸ್‌ಸೆಷನ್.ಡಿಯ 70ನೇ ತುಣುಕು ಪ್ರತಿ ಲಾಗಿನ್‌ನಲ್ಲೂ ಅದನ್ನು ಸಿದ್ಧಪಡಿಸುತ್ತದೆ. ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಬೇಕಿದ್ದರೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿಕೊಳ್ಳಿ. ಇನ್‌ಸ್ಕ್ರಿಪ್ಟ್ ಮಾತ್ರ ಸಾಕೆಂದರೆ ಎಕ್ಸ್‌ಎಫ್‌ಸಿಇಯ ಕೀಲಿಮಣೆ ಸೆಟ್ಟಿಂಗ್‌ನಲ್ಲೇ ಕನ್ನಡ ವಿನ್ಯಾಸ ಸೇರಿಸಿದರೆ ಆಯಿತು, ಐಬಸ್ ಕೂಡ ಬೇಡ. ಆ ಮೂರು ಆ್ಯಪ್‌ಗಳನ್ನು ‘ಸೆಷನ್ ಆ್ಯಂಡ್ ಸ್ಟಾರ್ಟಪ್’ ಸೆಟ್ಟಿಂಗ್‌ಗೆ ಸೇರಿಸಿ, ‘.ಎಕ್ಸ್‌ಸೆಷನ್’ ಕಡತದ ಹೆಸರು ಬದಲಿಸಿ ಪಕ್ಕಕ್ಕಿಡಿ. ಆಮೇಲೆ ಫೇಲ್‌ಸೇಫ್ ಟರ್ಮಿನಲ್‌ನಲ್ಲಿ ‘ಎಕ್ಸಿಟ್’ ಎಂದು ಕೊಟ್ಟು, ಈ ಬಾರಿ ಎಂಟರ್ ಒತ್ತಿ ಲಾಗಿನ್ ಆಗಿ.