ಓದುಗರ ಪ್ರಶ್ನೆ: ಅಗ್ಗದ ಪಾಯಿಂಟ್ 22 ರಿವಾಲ್ವರ್ ಕೊಳ್ಳುವ ಮುನ್ನ

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದಲ್ಲಿ ನೆಲೆಸಿರುವ ಓದುಗರವು. ಎಲ್ಲವೂ ಪಾಯಿಂಟ್ 22, ಅಂದರೆ ಸುಮಾರು 0.22 ಇಂಚು ದಪ್ಪದ ಸಣ್ಣ ಗುಂಡು ಹಾರಿಸುವ, ಒಂದೇ ಬಗೆಯ ರಿವಾಲ್ವರ್ ಸುತ್ತ ಇರುವುದರಿಂದ ಉತ್ತರಗಳನ್ನು ಒಟ್ಟಿಗೇ ಕೊಟ್ಟಿದ್ದೇವೆ.

ಗೆಳೆಯರ ಜಮೀನಿನಲ್ಲಿ ಡಬ್ಬಿ ಇಟ್ಟು ಹೊಡೆಯುವ ಹವ್ಯಾಸಕ್ಕೆ ಒಂದು ಅಗ್ಗದ ಸಿಂಗಲ್ ಆಕ್ಷನ್ ರಿವಾಲ್ವರ್ ಬೇಕು. ಹೆರಿಟೇಜ್ ರಫ್ ರೈಡರ್ ಕೊಳ್ಳಲೋ, ರೂಗರ್ ರ‍್ಯಾಂಗ್ಲರ್ ಕೊಳ್ಳಲೋ? ರಫ್ ರೈಡರ್ ಬೆಲೆ ಕಡಿಮೆ.
— ಡಲ್ಲಾಸ್‌ನ ಓದುಗರು

ನೋಡಲು ಎರಡೂ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ಮರಿಗಳೇ. ಪ್ರತಿ ಈಡಿಗೂ ಹ್ಯಾಮರನ್ನು, ಅಂದರೆ ಕೋವಿಯವರ ಮಾತಿನ ಕುದುರೆಯನ್ನು, ಹೆಬ್ಬೆರಳಿನಿಂದ ಎಳೆಯಬೇಕು. ತೋಟೆಗಳನ್ನು ಬಲಬದಿಯ ಸಣ್ಣ ಬಾಗಿಲಿನಿಂದ ಒಂದೊಂದಾಗಿ ತುಂಬಬೇಕು, ಹೊಡೆದಾದ ಮೇಲೆ ಒಂದೊಂದಾಗಿ ಕಡ್ಡಿಯಿಂದ ನೂಕಿ ತೆಗೆಯಬೇಕು. ಕಲಿಯುವವರಿಗೆ ಈ ನಿಧಾನವೇ ಲಾಭ.

ನಿಜವಾದ ವ್ಯತ್ಯಾಸ ಇರುವುದು ಒಳಗೆ. 2019ರಲ್ಲಿ ಬಂದ ರ‍್ಯಾಂಗ್ಲರ್‌ನಲ್ಲಿ ಟ್ರಾನ್ಸ್‌ಫರ್ ಬಾರ್ ಇದೆ. ಹ್ಯಾಮರ್ ಕೆಳಗಿದ್ದಾಗ ಅದರ ಮುಖ ತೋಟೆಗೆ ಬಡಿಯುವ ಫೈರಿಂಗ್ ಪಿನ್ನನ್ನು ಮುಟ್ಟುವುದೇ ಇಲ್ಲ. ಟ್ರಿಗರ್ ಒತ್ತಿದಾಗ ಮಾತ್ರ ಒಂದು ಉಕ್ಕಿನ ಪಟ್ಟಿ ಮೇಲೆದ್ದು ಎರಡರ ನಡುವೆ ನಿಂತು ಪೆಟ್ಟನ್ನು ದಾಟಿಸುತ್ತದೆ. ಹೀಗಾಗಿ ಕೆಳಗಿರುವ ಹ್ಯಾಮರ್ ಮೇಲೆ ಏನಾದರೂ ಬಿದ್ದರೂ ಈಡು ಹಾರದು. ತಿರುಗುವ ಸಿಲಿಂಡರಿನ ಆರೂ ಮನೆಗೆ, ಅಂದರೆ ತೋಟೆ ಕೂರುವ ತೂತುಗಳಿಗೆ, ತೋಟೆ ತುಂಬಬಹುದು. ರೂಗರ್‌ನವರು ಈ ಏರ್ಪಾಡನ್ನು ತಮ್ಮ ಸಿಂಗಲ್ ಆಕ್ಷನ್ ರಿವಾಲ್ವರ್‌ಗಳಿಗೆ 1973ರಲ್ಲೇ ತಂದಿದ್ದರು. ರ‍್ಯಾಂಗ್ಲರ್‌ನಲ್ಲಿ ಬಾಗಿಲು ತೆರೆದರೆ ಸಾಕು, ಸಿಲಿಂಡರ್ ತಿರುಗುತ್ತದೆ. ಹ್ಯಾಮರ್ ಮುಟ್ಟುವ ಕೆಲಸವಿಲ್ಲ.

ಪಾಯಿಂಟ್ 22 ರಫ್ ರೈಡರ್‌ನಲ್ಲಿ ಟ್ರಾನ್ಸ್‌ಫರ್ ಬಾರ್ ಇಲ್ಲ. ಹ್ಯಾಮರಿನ ಎಡಪಕ್ಕದಲ್ಲಿ ಒಂದು ಸೇಫ್ಟಿ ಲಿವರ್ ಇದೆ. ಕೆಂಪು ಚುಕ್ಕೆ ಕಂಡರೆ ಹೊಡೆಯಲು ಸಿದ್ಧ ಎಂದರ್ಥ. ತೋಟೆ ತುಂಬಲು ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸಬೇಕು. ಲಿವರ್ ಅನ್ನೇ ನಂಬಿಕೊಂಡು ಆರೂ ಮನೆ ತುಂಬಬೇಡಿ. ಹಳೆಯ ಕೋಲ್ಟ್‌ನ ಕ್ರಮವನ್ನೇ ಅನುಸರಿಸಿ: ಒಂದು ತುಂಬಿ, ಒಂದು ಬಿಟ್ಟು, ನಾಲ್ಕು ತುಂಬಿ, ಹ್ಯಾಮರನ್ನು ಪೂರ್ತಿ ಎಳೆದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೆಲ್ಲಗೆ ಇಳಿಸಿ. ಆಗ ಖಾಲಿ ಮನೆ ಹ್ಯಾಮರಿನ ಎದುರಿಗೆ ಬರುತ್ತದೆ. ಕೈಗೆ ರೂಢಿಯಾಗುವ ತನಕ ಈ ಎಣಿಕೆಯನ್ನು ಹೊಡೆದ ತೋಟೆಗಳ ಖಾಲಿ ಕೊಳವೆಗಳಿಂದ ಅಭ್ಯಾಸ ಮಾಡಿ. ಅರ್ಧಕ್ಕೆ ಎಳೆದ ಹ್ಯಾಮರನ್ನು ಅಲ್ಲಿಂದಲೇ ಕೆಳಗೆ ಬಿಡಬೇಡಿ. ಸಿಲಿಂಡರ್ ಹಿಡಿಯುವ ಕೀಲು ತಪ್ಪು ಜಾಗದಲ್ಲಿ ಉಜ್ಜಿ ಸುತ್ತಲೂ ಗೀರು ಹಾಕುತ್ತದೆ.

ಲೋಹದ ವಿಷಯಕ್ಕೆ ಬಂದರೆ, ರಫ್ ರೈಡರ್‌ನ ಚೌಕಟ್ಟು ಸತುವಿನ ಮಿಶ್ರಲೋಹ. ರ‍್ಯಾಂಗ್ಲರ್‌ನ ಚೌಕಟ್ಟು ಅಲ್ಯೂಮಿನಿಯಂ ಮಿಶ್ರಲೋಹ, ಹಿಡಿಯ ಚೌಕಟ್ಟು ಮಾತ್ರ ಸತುವಿನದು. ಎರಡರಲ್ಲೂ ನಳಿಗೆ ಮತ್ತು ಸಿಲಿಂಡರ್ ಉಕ್ಕಿನವೇ, ಪಾಯಿಂಟ್ 22ರ ಒತ್ತಡಕ್ಕೆ ಅಷ್ಟು ಸಾಕು. ಸತು ಎಂದ ಕೂಡಲೇ ಮೂಗು ಮುರಿಯಬೇಕಿಲ್ಲ, ಆದರೆ ಸ್ಕ್ರೂ ಬಿಗಿಯುವಾಗ ಕೈ ಹಗುರವಿರಲಿ: ಮೆತ್ತನೆಯ ಲೋಹದಲ್ಲಿ ಸ್ಕ್ರೂ ಕಚ್ಚುವ ಗೀರುಗಳು ಕಿತ್ತರೆ ರಿಪೇರಿ ಕಷ್ಟ.

ನಮ್ಮ ಮಾತು ಇಷ್ಟು. ಹೊಸಬರಿಗೆ, ಅದರಲ್ಲೂ ಮನೆಯ ಬೇರೆಯವರೂ ಹೊಡೆಯುವುದಿದ್ದರೆ, ರ‍್ಯಾಂಗ್ಲರ್. ಆ ಹೆಚ್ಚಿನ ಹಣ ಹೋಗುವುದು ಹೊಳಪಿಗಲ್ಲ, ಟ್ರಾನ್ಸ್‌ಫರ್ ಬಾರ್‌ಗೆ. ಹೆಚ್ಚು ಬಲದ ಮ್ಯಾಗ್ನಮ್ ತೋಟೆಯೂ ಬೇಕು, ಖರ್ಚೂ ಕಡಿಮೆ ಇರಬೇಕು ಎನ್ನುವವರಿಗೆ ಮಾಮೂಲು ತೋಟೆಗೊಂದು, ಮ್ಯಾಗ್ನಮ್‌ಗೊಂದು ಎಂದು ಎರಡು ಸಿಲಿಂಡರ್ ಕೊಡುವ ರಫ್ ರೈಡರ್ ಸರಿ, ಖಾಲಿ ಮನೆಯ ಶಿಸ್ತು ಮರೆಯದಿದ್ದರೆ.

ಜಮೀನಿನಲ್ಲಿ ಹೊಡೆಯುವುದಾದರೆ ಡಬ್ಬಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಪಾಯಿಂಟ್ 22 ಗುಂಡು ಒಂದೂವರೆ ಮೈಲಿ ತನಕ ಹೋಗಬಲ್ಲದು. ಕಲ್ಲು, ನೀರು, ಗಟ್ಟಿ ನೆಲಕ್ಕೆ ತಾಗಿ ಪುಟಿಯುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ, ನೋಡುತ್ತ ನಿಂತವರಿಗೂ.

ಗನ್ ಅಂಗಡಿಯಲ್ಲಿ ಬಳಸಿದ ರಫ್ ರೈಡರ್ ಒಂದು 100 ಡಾಲರ್‌ಗೆ ಸಿಗುತ್ತಿದೆ. ಕೌಂಟರಿನಲ್ಲೇ ಏನೇನು ನೋಡಬೇಕು?
— ಅಟ್ಲಾಂಟಾದ ಓದುಗರು

ಮೊದಲು ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಬಾಗಿಲು ತೆರೆದು ಸಿಲಿಂಡರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಆರೂ ಮನೆ ಖಾಲಿ ಎಂದು ಕಣ್ಣಾರೆ ನೋಡಿ. ಅಂಗಡಿಯವರು ಆಗಲೇ ನೋಡಿದ್ದರೂ ನೀವೂ ನೋಡಿ. ಟ್ರಿಗರ್ ಒತ್ತಿ ನೋಡಲು ಅವರ ಒಪ್ಪಿಗೆ ಕೇಳಿ.

ಸಿಲಿಂಡರ್ ಬಿಚ್ಚಿ ತೋರಿಸಲು ಹೇಳಿ. ಹಿಂಭಾಗದಲ್ಲಿ ಪ್ರತಿ ಮನೆಯ ಅಂಚಿನ ಮೇಲೆ ಉಗುರು ಎಳೆಯಿರಿ. ಈ ತೋಟೆಗೆ ಕೇಪು ನಡುವಿನಲ್ಲಿಲ್ಲ. ಸಿಡಿಮದ್ದು ತೋಟೆಯ ಅಂಚಿನೊಳಗೇ ಇರುತ್ತದೆ, ಪಿನ್ ಬಡಿಯುವುದೂ ಅಂಚಿಗೇ. ತೋಟೆಯಿಲ್ಲದೆ ಟಕಟಕ ಎಂದು ಹೊಡೆದು ಆಡಿದವರ ಕೈಯಲ್ಲಿ ಪಿನ್ ನೇರ ಉಕ್ಕಿಗೆ ಬಡಿದು ಮನೆಯ ಅಂಚು ಒಳಕ್ಕೆ ಮಡಚಿರುತ್ತದೆ. ಉಗುರಿಗೆ ಅಡ್ಡ ಸಿಕ್ಕಿದರೆ ಆ ಮನೆಗೆ ತೋಟೆ ಸಲೀಸಾಗಿ ಹೋಗದು, ಹೋದರೆ ಬಾರದು. ಒಂದು ಮನೆಯ ಸಣ್ಣ ಗುರುತನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ತಿದ್ದಿಕೊಡಬಹುದು. ಆರರಲ್ಲೂ ಇದ್ದರೆ ಕೈಬಿಡಿ. ನೀವು ಕೊಂಡ ಮೇಲೆ ಖಾಲಿ ಅಭ್ಯಾಸ ಮಾಡುವುದಿದ್ದರೆ ನಕಲಿ ತೋಟೆ ಹಾಕಿ. ಗೋಡೆಗೆ ಸ್ಕ್ರೂ ಕೂರಿಸಲು ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್‌ಗಳನ್ನು ಇಲ್ಲಿನ ಬಹಳ ಜನ ಇದಕ್ಕೆ ಬಳಸುತ್ತಾರೆ. ಕೆಲವು ಪೆಟ್ಟು ಬಿದ್ದ ಮೇಲೆ ಅವು ಹಾಳಾಗುತ್ತವೆ, ಆಗ ಬದಲಿಸಿ.

ಎರಡನೆಯದು ಬೀಗ ಬೀಳುವ ಹೊತ್ತು. ಹ್ಯಾಮರನ್ನು ಬಹಳ ನಿಧಾನ ಎಳೆಯಿರಿ. ಅದು ಪೂರ್ತಿ ಹಿಂದೆ ನಿಲ್ಲುವ ಮೊದಲೇ, ಇಲ್ಲವೇ ಅದೇ ಕ್ಷಣಕ್ಕೆ, ಸಿಲಿಂಡರ್ ಟಕ್ ಎಂದು ಬೀಗಕ್ಕೆ ಬೀಳಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಇನ್ನಷ್ಟು ತಳ್ಳಿದರೆ ಮಾತ್ರ ಬೀಗ ಬೀಳುತ್ತದೆ ಎಂದಾದರೆ ಒಳಗಿನ ತಳ್ಳುಕಡ್ಡಿ ಸವೆದಿದೆ. ಆಗ ಮನೆ ಮತ್ತು ನಳಿಗೆ ಒಂದೇ ಗೆರೆಯಲ್ಲಿ ಇರುವುದಿಲ್ಲ, ಗುಂಡಿನ ಒಂದು ಪಕ್ಕ ಸವರಿ ಸೀಸದ ಚೂರು ಬದಿಗೆ ಹಾರುತ್ತದೆ. ಆರೂ ಮನೆಗೆ ಹೀಗೆ ನೋಡಿ. ಐದು ಸರಿಯಿದ್ದು ಒಂದು ತಪ್ಪುವುದು ಸಾಮಾನ್ಯ.

ಮೂರನೆಯದು ಸಂದಿ. ಸಿಲಿಂಡರ್ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವಿನ ಸಂದಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ, ತೂರಿಸಿ. 0.004ರಿಂದ 0.008 ಇಂಚು ಒಳ್ಳೆಯದು. 0.010 ದಾಟಿದರೆ ವೇಗ ಕುಗ್ಗುತ್ತದೆ, ಬದಿಗೆ ಚಿಮ್ಮುವುದು ಹೆಚ್ಚುತ್ತದೆ. ತೀರ ಕಡಿಮೆಯಿದ್ದರೂ ಕಷ್ಟವೇ: ಐವತ್ತು ಈಡಿನ ಮಸಿ ಕೂತರೆ ಸಿಲಿಂಡರ್ ಉಜ್ಜಿ ಬಿಗಿಯಾಗುತ್ತದೆ. ಅಳೆಯುವಾಗ ಸಿಲಿಂಡರನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಒತ್ತಿ ಹಿಡಿದು ಎರಡು ಸಲ ಅಳೆಯಿರಿ. ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಸಿಲಿಂಡರಿನ ಸಡಿಲ.

ಕೊನೆಯದನ್ನು ಎಂದೂ ಬಿಡಬೇಡಿ. ಖಾಲಿ ರಿವಾಲ್ವರಿನ ಹ್ಯಾಮರನ್ನು ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿ. ಅದು ಬೀಳಬಾರದು. ಬಿದ್ದರೆ ಹಿಡಿತದ ಕಚ್ಚು ಸವೆದಿದೆ, ಇಲ್ಲವೇ ಟ್ರಿಗರ್ ಹಗುರ ಮಾಡಲು ಹೋಗಿ ಯಾರೋ ಅರ ಹಾಕಿದ್ದಾರೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಸ್ಕ್ರೂ ತಲೆಗಳು ಚಿಂದಿಯಾಗಿದ್ದರೆ ಒಳಗೆ ಅರ್ಧಂಬರ್ಧ ಕೆಲಸ ನಡೆದಿರುವ ಸಾಧ್ಯತೆ ಹೆಚ್ಚು. ಸಿಲಿಂಡರಿನ ಮೇಲಿನ ತೆಳು ಗೀರು, ಹೊರಗಿನ ಬಣ್ಣ ಹೋಗಿರುವುದು ಇವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಲೆ ಇಳಿಸಲು ಬಳಸಿಕೊಳ್ಳಿ.

ಹೊಸ ರಿವಾಲ್ವರ್ ಕೆಳಗೆ ಹೊಡೆಯುತ್ತದೆ. ಗುರಿ ನೋಡುವ ಸೈಟ್ ತಿರುಗಿಸಲು ಸ್ಕ್ರೂ ಇಲ್ಲ. ಏನು ಮಾಡಲಿ?
— ಫೀನಿಕ್ಸ್‌ನ ಓದುಗರು

ಮೊದಲು ಅರ ಕೆಳಗಿಡಿ, ತೋಟೆ ಬದಲಿಸಿ. 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡಿನ ಮೂರು ಬೇರೆ ಬೇರೆ ತೋಟೆಗಳನ್ನು ತಂದು, ಮೇಜಿನ ಮೇಲೆ ಮರಳಿನ ಚೀಲಕ್ಕೆ ಕೈ ಊರಿ, 15 ಗಜದಿಂದ ಒಂದೊಂದರಲ್ಲೂ ಮೂರು ಸಲ ಆರಾರು ಈಡು ಹೊಡೆಯಿರಿ. ಒಂದೇ ರಿವಾಲ್ವರ್ ಒಂದು ತೋಟೆಗೆ ಗುಂಡುಗಳನ್ನು ಒಟ್ಟುಗೂಡಿಸಿ ಇನ್ನೊಂದಕ್ಕೆ ಚದುರಿಸುವುದು ಈ ಬೆಲೆಯಲ್ಲಿ ಮಾಮೂಲು. ಆರು ಗುಂಡು ಎರಡೂವರೆ ಇಂಚಿನೊಳಗೆ ಬಿದ್ದರೆ ಡಬ್ಬಿ ಹೊಡೆಯಲು ಧಾರಾಳ ಸಾಕು.

ಐದು ಒಟ್ಟಿಗೆ ಬಿದ್ದು ಒಂದು ಮಾತ್ರ ದೂರ ಬೀಳುತ್ತಿದ್ದರೆ ಮನೆಗಳಿಗೆ ಬಣ್ಣದ ಪೆನ್ನಿನಿಂದ 1ರಿಂದ 6 ಎಂದು ಬರೆದು, ಪ್ರತಿ ಮನೆಗೂ ಬೇರೆ ಕಾಗದ ಇಟ್ಟು ಐದೈದು ಈಡು ಹೊಡೆಯಿರಿ. ಸದಾ ಒಂದೇ ಮನೆ ತಪ್ಪಿದರೆ ದೋಷ ನಿಮ್ಮ ಕೈಯದಲ್ಲ. ಆ ಕಾಗದಗಳ ಜೊತೆಗೇ ವಾರಂಟಿಗೆ ಕಳಿಸಿ.

ಇಷ್ಟಾದರೂ ಗುಂಪು ಕೆಳಗೇ ಬಿದ್ದರೆ ಮುಂದಿನ ಸೈಟ್ ಅನ್ನು ಅರದಿಂದ ತಗ್ಗಿಸಬೇಕು; ಸೈಟ್ ತಗ್ಗಿದರೆ ಗುಂಡು ಮೇಲೇರುತ್ತದೆ. ಲೆಕ್ಕ ಸರಳ: ಎಷ್ಟು ಕೆಳಗೆ ಬೀಳುತ್ತದೋ ಅದನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 15 ಗಜ ಎಂದರೆ 540 ಇಂಚು. 2 ಇಂಚು ಕೆಳಗೆ, ಸೈಟ್‌ಗಳ ಅಂತರ 8 ಇಂಚು ಎಂದಾದರೆ 2×8÷540, ಅಂದರೆ ಸುಮಾರು 0.03 ಇಂಚು, ಮುಕ್ಕಾಲು ಮಿಲಿಮೀಟರ್. ಅದರಲ್ಲಿ ಅರ್ಧ ಮಾತ್ರ ತೆಗೆದು ಹೊಡೆದು ನೋಡಿ, ಆಮೇಲೆ ಉಳಿದದ್ದು. ತೆಗೆದದ್ದನ್ನು ಮರಳಿ ಹಚ್ಚಲಾಗದು. ಎಡಕ್ಕೋ ಬಲಕ್ಕೋ ಬಿದ್ದರೆ ಸೈಟ್ ಬಗ್ಗಿಸಲು ಹೋಗಬೇಡಿ. ಬೆರಳು ಟ್ರಿಗರನ್ನು ಪಕ್ಕಕ್ಕೆ ತಳ್ಳುತ್ತಿದೆಯೇ ಎಂದು ಬೇರೆಯವರ ಕೈಯಲ್ಲಿ ಹೊಡೆಸಿ ನೋಡಿ, ಆಮೇಲೆ ಗನ್‌ಸ್ಮಿತ್ ಬಳಿ ಹೋಗಿ.

ಆರರಲ್ಲಿ ಒಂದು ತೋಟೆ ಹಾರುವುದಿಲ್ಲ. ಸ್ಪ್ರಿಂಗ್ ಬದಲಿಸಬೇಕೆ?
— ಕೊಲಂಬಸ್‌ನ ಓದುಗರು

ಹಾರದಿದ್ದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹತ್ತುವುದುಂಟು. ಆಮೇಲೆ ತೋಟೆ ತೆಗೆದು ಅಂಚಿನ ಮೇಲಿನ ಪೆಟ್ಟಿನ ಗುರುತು ನೋಡಿ. ಗುರುತು ಆಳವಾಗಿದ್ದರೆ ಆ ಜಾಗದಲ್ಲಿ ಸಿಡಿಮದ್ದು ಹರಡಿಲ್ಲ, ತಪ್ಪು ತೋಟೆಯದು. ಗುರುತು ತೆಳುವಾಗಿದ್ದರೆ ಸಾಮಾನ್ಯ ಕಾರಣ ಕೊಳೆ: ಮನೆಯಲ್ಲಿ ಮಸಿ ಕೂತು ತೋಟೆ ಪೂರ್ತಿ ಒಳಗೆ ಹೋಗಿರುವುದಿಲ್ಲ, ಪಿನ್ನಿನ ಪೆಟ್ಟು ಅದನ್ನು ಒಳಕ್ಕೆ ನೂಕುವುದರಲ್ಲೇ ಮುಗಿಯುತ್ತದೆ. ಗಿಡ್ಡನೆಯ ಪಾಯಿಂಟ್ 22 ಶಾರ್ಟ್ ತೋಟೆ ಹೊಡೆದ ಮೇಲೆ ಮಾಮೂಲು ಉದ್ದದ ಲಾಂಗ್ ರೈಫಲ್ ತೋಟೆ ತುಂಬುವವರಿಗೆ ಇದು ಹೆಚ್ಚು, ಏಕೆಂದರೆ ಗಿಡ್ಡ ಕೊಳವೆಯ ಮುಂದೆ ಮಸಿಯ ಬಳೆಯೇ ಕಟ್ಟಿಕೊಳ್ಳುತ್ತದೆ. ಹಿತ್ತಾಳೆ ಬ್ರಷ್‌ನಿಂದ ಪ್ರತಿ ಮನೆಯನ್ನೂ ಹತ್ತು ಸಲ ಉಜ್ಜಿ ನೋಡಿ.

ಹಿಂದಿನವರು ಹ್ಯಾಮರ್ ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಿದ್ದರೆ ಮಾತ್ರ ಹೊಸ ಸ್ಪ್ರಿಂಗ್ ಬೇಕು. ಸಿಲಿಂಡರಿನ ನಡುವಿನ ಪಿನ್ ಹೊಡೆತಕ್ಕೆ ಮುಂದೆ ಜರುಗುತ್ತಿದೆಯೇ, ಹಿಡಿಯ ಸ್ಕ್ರೂಗಳು ಸಡಿಲವೇ ಎಂದೂ ನೋಡಿ. ಹೊಸ ರಿವಾಲ್ವರ್‌ನಲ್ಲೂ ಮೊದಲ 200 ಈಡಿನೊಳಗೆ ಸ್ಕ್ರೂ ಸಡಿಲಾಗುವುದುಂಟು. ಎಲ್ಲ ಮುಗಿದ ಮೇಲೆ ತಣ್ಣೀರು, ಸೋಪಿನಿಂದ ಕೈ ತೊಳೆದೇ ತಿಂಡಿ ಮುಟ್ಟಿ. ಸೀಸ ಕೈಗೂ ಬಟ್ಟೆಗೂ ಅಂಟಿರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಎಚ್ಚರ.

ಮ್ಯಾಗ್ನಮ್ ಸಿಲಿಂಡರಿನಲ್ಲಿ ಮಾಮೂಲು ಪಾಯಿಂಟ್ 22 ತೋಟೆ ಹಾಕಬಹುದೆ? ಒಳಗೆ ಹೋಗುತ್ತದಲ್ಲ?
— ಡೆನ್ವರ್‌ನ ಓದುಗರು

ಹೋಗುತ್ತದೆ, ಹಾಕಬಾರದು. ಲಾಂಗ್ ರೈಫಲ್ ಕೊಳವೆಯ ದಪ್ಪ 0.226 ಇಂಚು, ಮ್ಯಾಗ್ನಮ್‌ನದು 0.242. ಅಗಲದ ಮನೆಯಲ್ಲಿ ತೆಳು ಕೊಳವೆ ಉಬ್ಬಿ ಸೀಳುತ್ತದೆ, ಬಿಸಿ ಗಾಳಿ ಹಿಂದಕ್ಕೆ ಮುಖದತ್ತ ನುಗ್ಗುತ್ತದೆ. ಸಿಲಿಂಡರ್‌ಗಳಿಗೆ ಬಣ್ಣದ ಚುಕ್ಕೆ ಇಟ್ಟು ಬೇರೆ ಬೇರೆ ಡಬ್ಬಿಯಲ್ಲಿಡಿ. ಇನ್ನೊಬ್ಬರ ರಿವಾಲ್ವರಿನ ಸಿಲಿಂಡರ್ ತಂದು ಹಾಕಿದರೆ ಸಂದಿಯೂ ಬೀಗವೂ ಹೊಂದದೆ ಹೋಗಬಹುದು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇರುವ ಗೆಳೆಯರು ತಮ್ಮ ಹೆಸರಿನಲ್ಲಿ ಕೊಂಡು ಕೊಡುತ್ತೇನೆ ಎನ್ನುತ್ತಾರೆ. ಆಗಬಹುದೆ?
— ನ್ಯೂಜೆರ್ಸಿಯ ಓದುಗರು

ದಯವಿಟ್ಟು ಬೇಡ. ನಿಮ್ಮ ಹಣಕ್ಕೆ ಅವರು ತಮ್ಮ ಹೆಸರಿನಲ್ಲಿ ಕೊಂಡರೆ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬುವ 4473 ನಮೂನೆಯಲ್ಲಿ ಸುಳ್ಳು ಬರೆದಂತೆ, ಅದು ಅವರ ಅಪರಾಧ. ಇನ್ನು ಎಚ್-1ಬಿ, ಎಚ್-4, ಎಲ್-1, ಎಫ್-1ನಂಥ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ತಡೆಯುತ್ತದೆ. 2022ರ ನಂತರ ಗರಿಷ್ಠ ಶಿಕ್ಷೆ 15 ವರ್ಷ ಸೆರೆ. ಗುರಿ ಅಭ್ಯಾಸದ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಇದರಡಿ ಬರುತ್ತದೆ, ಇದು ಬಹಳ ಜನಕ್ಕೆ ತಿಳಿಯದು. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದರೆ ಕಾನೂನಿನಲ್ಲೇ ವಿನಾಯಿತಿ ಇದೆ. ಆದರೂ ರಾಜ್ಯದ ನಿಯಮಗಳು ಬೇರೆ, ನ್ಯೂಜೆರ್ಸಿಯಲ್ಲಿ ಅವು ಬಿಗಿ. ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ವೀಸಾ ತಡೆ ಅನ್ವಯಿಸುವುದಿಲ್ಲ.

ರೇಂಜಿಗೆ ಒಯ್ಯುವ ಚೀಲವನ್ನೇ ಊರಿಗೆ ಹೋಗುವಾಗ ಬಳಸಬಹುದೆ?
— ಸಿಯಾಟಲ್‌ನ ಓದುಗರು

ಬಳಸಬೇಡಿ. ಈ ತೋಟೆಯ ಉದ್ದ ಒಂದೇ ಇಂಚು, ತೂಕ ಮೂರು ಗ್ರಾಂ ಚಿಲ್ಲರೆ. ಚೀಲದ ಅಸ್ತರಿಯಲ್ಲಿ ಸಿಕ್ಕಿಕೊಂಡರೆ ಕೈಗೆ ತಿಳಿಯುವುದಿಲ್ಲ, ಸ್ಕ್ಯಾನರ್‌ಗೆ ತಿಳಿಯುತ್ತದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಒಂದು ಜೀವಂತ ತೋಟೆ ಇಟ್ಟುಕೊಂಡಿದ್ದರೂ ಅಪರಾಧ. ಮರೆತು ಉಳಿದದ್ದು, ಅರಿವಿದ್ದು ಇಟ್ಟುಕೊಂಡದ್ದಲ್ಲ ಎಂದು ನ್ಯಾಯಾಲಯಗಳು ಇಂಥ ಎಷ್ಟೋ ಪ್ರಕರಣಗಳನ್ನು ರದ್ದು ಮಾಡಿವೆ. ಅಲ್ಲಿಯ ತನಕ ಪೊಲೀಸ್ ಠಾಣೆ, ವಕೀಲರು, ತಪ್ಪಿದ ವಿಮಾನ ಎಲ್ಲ ನಿಮ್ಮ ಪಾಲಿಗೇ. ರೇಂಜಿಗೆ ಬೇರೆಯೇ ಬಣ್ಣದ ಒಂದು ಚೀಲ ಇಟ್ಟುಕೊಳ್ಳಿ. ರೇಂಜಿಗೆ ಹಾಕಿಕೊಂಡು ಹೋಗುವ ಜಾಕೆಟ್, ಪ್ಯಾಂಟಿನ ಜೇಬುಗಳನ್ನು ಊರಿಗೆ ಹೊರಡುವ ಹಿಂದಿನ ರಾತ್ರಿ ಒಳಹೊರಗು ಮಾಡಿ ಕೊಡವಿ. ಹೊಡೆದ ಖಾಲಿ ಕೊಳವೆಗಳನ್ನೂ ಮನೆಯಲ್ಲೇ ಬಿಡಿ.