ನಿಲ್ದಾಣ ಇದೆ, ವಿಮಾನ ಯಾಕಿಲ್ಲ?

ಪ್ರಶ್ನೆ: ಚಿಕ್ಕ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಶುರುವಾದ ವಿಮಾನಗಳು ಕೆಲವೇ ವರ್ಷಗಳಲ್ಲಿ ನಿಂತುಹೋಗುತ್ತವೆ. ರನ್‌ವೇ, ಟರ್ಮಿನಲ್ ಎಲ್ಲ ಸರಿ ಇದ್ದರೂ ಹೀಗೇಕೆ?

ಉತ್ತರ: ವಿಮಾನ ಕಂಪನಿಯ ನಷ್ಟ ತುಂಬಲು ಸರ್ಕಾರ ಕೊಡುವ ಸಹಾಯಧನ ಸಿಗುವುದು ಮಾರ್ಗಕ್ಕೆ, ಅದೂ ಮೂರೇ ವರ್ಷ. ಸೀಟೊಂದಕ್ಕೆ ಅತಿ ಕಡಿಮೆ ಸಹಾಯಧನ ಕೇಳಿ ಬಿಡ್ ಮಾಡಿದ ಕಂಪನಿಗೆ ಮಾರ್ಗ ದಕ್ಕುತ್ತದೆ. ಮಾರ್ಗ ಸಿಗಲೆಂದೇ ತೀರ ಕಡಿಮೆ ಕೇಳಿದವರು ಆಮೇಲೆ ಏದುಸಿರು ಬಿಡುತ್ತಾರೆ. ಈ ಹಣದ ಶೇ 20ರಷ್ಟನ್ನು ನಮ್ಮಂಥ ರಾಜ್ಯಗಳು ಕೊಡಬೇಕು. ಉಳಿದದ್ದು ಕೇಂದ್ರದ ನಿಧಿಯಿಂದ ಬರುತ್ತದೆ. ವಿಮಾನ ಇಳಿಸುವ, ನಿಲ್ಲಿಸುವ ಶುಲ್ಕ ಮಾಫಿ. ಇಂಧನದ ಮೇಲಿನ ವ್ಯಾಟನ್ನು ರಾಜ್ಯ ಶೇ 1ಕ್ಕೆ ಇಳಿಸಬೇಕು.

ಮೂರು ವರ್ಷ ತುಂಬುತ್ತಲೇ ಸಹಾಯಧನ ನಿಲ್ಲುತ್ತದೆ. ಅಷ್ಟರೊಳಗೆ ಪೂರ್ತಿ ದರ ಕೊಟ್ಟು ಹತ್ತುವವರು ಹುಟ್ಟಿಕೊಂಡಿರದಿದ್ದರೆ ಕಂಪನಿ ವಿಮಾನವನ್ನು ಬೇರೆ ಮಾರ್ಗಕ್ಕೆ ಒಯ್ಯುತ್ತದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿಯ ಲೆಕ್ಕ ನೋಡಿ: ಮೊದಲ ಮೂರು ಹಂತಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ಆ ವರ್ಷದ ಮಾರ್ಚ್ ವೇಳೆಗೆ ಅವುಗಳಲ್ಲಿ ಉಳಿದಿದ್ದದ್ದು 54. 2023ರ ಕೊನೆಗೆ ನಿಂತಿದ್ದ ಬೀದರ್–ಬೆಂಗಳೂರು ವಿಮಾನ 2025ರ ಏಪ್ರಿಲ್‌ನಲ್ಲಿ ಮರಳಿದ್ದೂ ರಾಜ್ಯ ಸರ್ಕಾರ ಕೈಯಿಂದ ನಷ್ಟ ಭರಿಸಲು ಒಪ್ಪಿದ ಮೇಲೆಯೇ.

ಪ್ರಶ್ನೆ: ಒಂದು ಗಂಟೆಯ ಪ್ರಯಾಣಕ್ಕೆ ₹2,500 ಅಂದಿದ್ದರು. ನನಗೆ ಅದರ ದುಪ್ಪಟ್ಟು ದರ ತೋರಿಸುತ್ತಿದೆ.

ಉತ್ತರ: 2017ರಲ್ಲಿ ಹೊರಟಾಗಿನ ಮಿತಿ ಅದು; ಆಮೇಲೆ ಪರಿಷ್ಕರಣೆಯಾಗಿದೆ. ಅದೂ ಎಲ್ಲ ಸೀಟಿಗಲ್ಲ. ಅರ್ಧದಷ್ಟು ಸೀಟುಗಳಿಗೆ ಮಾತ್ರ, ಕನಿಷ್ಠ 9, ಗರಿಷ್ಠ 40. 70 ಸೀಟಿನ ಎಟಿಆರ್ ಎಂಬ ಚಿಕ್ಕ ವಿಮಾನವಾದರೆ 35. ಅವು ಮುಗಿದರೆ ಮಾರುಕಟ್ಟೆ ದರವೇ ಗತಿ.

ಪ್ರಶ್ನೆ: ಬೆಳಿಗ್ಗೆ ಮಂಜು ಕವಿದಿತ್ತು ಸರಿ, ಸಂಜೆಯ ವಿಮಾನ ಯಾಕೆ ರದ್ದಾಗಬೇಕು? ಪರಿಹಾರ ಸಿಗುತ್ತದೆಯೇ?

ಉತ್ತರ: ಉಪಕರಣ ನೆರವಿನ ಇಳಿಯುವಿಕೆ, ಅಂದರೆ ಐಎಲ್‌ಎಸ್, ಚಿಕ್ಕ ನಿಲ್ದಾಣಗಳಲ್ಲಿ ಬಹಳ ಕಡೆ ಇಲ್ಲ. ಪೈಲಟ್ ಕಣ್ಣಳತೆಯಲ್ಲೇ ಇಳಿಸಬೇಕಾದಲ್ಲಿ 5 ಕಿ.ಮೀ. ಗೋಚರತೆ ಬೇಕು, ಕತ್ತಲಾದರೆ ಹಾರಾಟವೇ ಇಲ್ಲ. ದಿನವಿಡೀ ಊರೂರು ಸುತ್ತುವುದು ಒಂದೇ ವಿಮಾನ. ಬೆಳಿಗ್ಗೆ ಎರಡು ಗಂಟೆ ತಡವಾದರೆ ಕೊನೆಯ ಸುತ್ತಿಗೆ ಬೆಳಕು ಸಾಲುವುದಿಲ್ಲ.

ಹವಾಮಾನದಿಂದ ರದ್ದಾದರೆ ಪರಿಹಾರವಿಲ್ಲ. ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್, ನಿಮ್ಮ ಆಯ್ಕೆ. ಕಂಪನಿಯದೇ ಕಾರಣವಿದ್ದು 24 ಗಂಟೆ ಮೊದಲು ತಿಳಿಸದಿದ್ದರೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ ₹5,000 ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು. ಕೊಡದಿದ್ದರೆ ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ದಾಖಲಿಸಿ. ಟಿಕೆಟ್ ಮಾಡಿಸುವಾಗ ಏಜೆಂಟರು ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುವುದುಂಟು. ಪ್ರಯಾಣಿಕರ ಸರಿಯಾದ ಸಂಪರ್ಕ ವಿವರ ಇರದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂದು ನಿಯಮದಲ್ಲೇ ಇದೆ. ನಿಮ್ಮ ನಂಬರನ್ನೇ ಹಾಕಿಸಿ.